ಇಪ್ಪತ್ತೊಂದರವರೆಗೆ ಎಣಿಕೆ

ಅಪ್ಪಾ,

ದೋಣಿಗೆ ಲಂಗರು ಎತ್ತುವ ಮೋಟರ್ ಕೂರಿಸಿಯಾಯಿತು. ಸ್ವಿಚ್ ನಿನ್ನ ಬಲಗಾಲಿಗೆ ಸಿಗುವ ಹಾಗಿದೆ. ಹಗ್ಗದ ಬದಲು ಈಗ ಸರಪಳಿ; ಅದು ಸುತ್ತುವಾಗ ಕೈ ಹಾಕಬೇಡ. "ನಂಗೊತ್ತು" ಅಂತ ಗೊಣಗಲೂ ಬೇಡ.

ಮೊದಲು ಎಂಜಿನ್ ಚಾಲೂ ಮಾಡು, ಆಮೇಲೆ ಸ್ವಿಚ್ ಒತ್ತು. ಇಲ್ಲದಿದ್ದರೆ ಬ್ಯಾಟರಿ ಕೂತುಬಿಡುತ್ತೆ.

ನಮ್ಮ ಪದ್ಧತಿಯೇ ತಲೆಕೆಳಗಾಯಿತು ನೋಡು. ಆಗೆಲ್ಲ ನೀನು ಒಂದೊಂದು ಎಳೆತವನ್ನೂ ಕೂಗಿ ಎಣಿಸುತ್ತಾ ಲಂಗರಿನ ಹಗ್ಗ ಎಳೆಯುತ್ತಿದ್ದೆ. ಇಪ್ಪತ್ತೊಂದು ಅಂದರೆ ಲಂಗರು ಮೇಲೆ ಬಂತು ಅಂತ; ಆಮೇಲೇ ನಾನು ಎಂಜಿನ್ ಮುಟ್ಟಬೇಕಿತ್ತು. ಒಮ್ಮೆ ಹದಿನೇಳಕ್ಕೇ ಚಾಲೂ ಮಾಡಿ ನಿನ್ನನ್ನು ನೀರಿಗೆ ಕೆಡವಿದ್ದೆ. ನೀನು ಅಮ್ಮನ ಹತ್ತಿರ ಕಾಲು ಜಾರಿತು ಅಂದೆ.

ನಿನ್ನೆ ಮೋಟರ್ ಓಡಿಸಿ ನೋಡಿದೆ. ಎಣಿಸುವವರಿಲ್ಲದೆ ಲಂಗರು ಮೇಲೆ ಬಂದದ್ದೇ ತಿಳಿಯಲಿಲ್ಲ.

ಸಂಜೆ ನಾನು ಕೆಲಸದಿಂದ ಬರುವವರೆಗೆ ದೋಣಿ ಬಿಚ್ಚಬೇಡ. ಎಳೆಯುವುದನ್ನು ಮೋಟರ್ ನೋಡಿಕೊಳ್ಳಲಿ, ಎಣಿಸುವುದು ನೀನೇ.