ರಿಯಾಲಿಗೆ ಏನೂ ಆಗಲ್ಲ ಎಂದೆ

೧೫ ಜೂನ್ ೨೦೧೭, ಗುರುವಾರ. ದೋಹಾ.

ತನಿಯನ ಮುಖ ಕಣ್ಣಮುಂದಿನಿಂದ ಹೋಗುತ್ತಿಲ್ಲ.

ನೆರೆಯ ದೇಶಗಳು ಗಡಿ ಮುಚ್ಚಿ ಹತ್ತು ದಿನವಾಯಿತು. ಅಲ್ಲಿನವರು ನಮ್ಮ ಬ್ಯಾಂಕಿನಲ್ಲಿಟ್ಟ ಠೇವಣಿ ವಾಪಸ್ ಕೇಳುತ್ತಿದ್ದಾರೆ. ಇಲ್ಲಿನ ಹಣ ರಿಯಾಲಿನ ಬೆಲೆ ಬಿದ್ದೀತೆಂದು ಹೆದರಿ ಬೆಳಗ್ಗೆ ನನ್ನ ಉಳಿತಾಯವನ್ನೆಲ್ಲ ಮೈಸೂರಿಗೆ ಕಳಿಸಿಬಿಟ್ಟೆ.

ಆಮೇಲೆ ಕೌಂಟರಿಗೆ ತನಿಯ ಬಂದ. ಮಂಗಳೂರು ಕಡೆಯ ಬಡಗಿ, ಹನ್ನೊಂದು ವರ್ಷದ ದುಡಿಮೆ ನಮ್ಮಲ್ಲೇ ಇಟ್ಟವನು.

“ಸರ್, ರಿಯಾಲ್ ಬೀಳ್ತದಂತೆ, ಹೌದಾ? ದುಡ್ಡು ಊರಿಗೆ ಕಳಿಸ್ಲಿಕ್ಕೆ ಬಂದೆ.”

ಯಾರನ್ನೂ ಹೆದರಿಸಬೇಡಿ ಎಂದಿದ್ದ ಮ್ಯಾನೇಜರ್ ಹಿಂದೆಯೇ ನಿಂತಿದ್ದರು.

“ಏನೂ ಆಗಲ್ಲ, ಇಲ್ಲೇ ಇರಲಿ” ಎಂದೆ.

“ನೀವು ಹೇಳಿದ್ಮೇಲೆ ಧೈರ್ಯ ಬಂತು ಸರ್” ಎಂದು ಫಾರಂ ಮಡಚಿ ಜೇಬಿಗಿಟ್ಟುಕೊಂಡು ಹೋದ.

ಓಡಿಹೋಗಿ ಕರೆಯಬಹುದಿತ್ತು. ಮುಂದಿನ ಟೋಕನ್ ಕೂಗಿದೆ.

ಹೆಂಡತಿ ಜಾಹ್ನವಿ ಊಟಕ್ಕೆ ಕರೆಯುತ್ತಿದ್ದಾಳೆ. ಅವಳಿಗೂ ಇದನ್ನು ಹೇಳಲಾರೆ. ನಾಳೆ, ನಾಡಿದ್ದು ರಜೆ. ಭಾನುವಾರ ಬ್ಯಾಂಕ್ ತೆರೆಯುವಷ್ಟರಲ್ಲಿ ರಿಯಾಲ್ ಏನಾದರೂ ಬಿದ್ದರೆ ತನಿಯನಿಗೆ ಏನು ಹೇಳಲಿ?