ಬಾಗಿಲ ಹಿಡಿಕೆ

ತಂಗೀ,

ಪಾದ್ರಿಗಳು ಇಂದಿನ ಪ್ರಸಂಗದಲ್ಲಿ ನನ್ನನ್ನು ಕುರಿತು ಹೇಳಿದ್ದು ತಪ್ಪು. ನಿನ್ನ ಕೊನೆಯ ದಿನ ನಾನು ಆಸ್ಪತ್ರೆಯ ಕೋಣೆಯ ಹೊರಗೆ ಮೊಣಕಾಲೂರಿ ಪ್ರಾರ್ಥಿಸುತ್ತಿರಲಿಲ್ಲ. ಸಾವನ್ನು ನೋಡಲು ಹೆದರಿ, ಬಾಗಿಲ ಹಿಡಿಕೆಯ ಮೇಲೆ ಕೈಯಿಟ್ಟು ನಿಂತಿದ್ದೆ. ನೀನು "ಅಕ್ಕಾ" ಎಂದು ಮೂರು ಸಲ ಕರೆದದ್ದು ನನಗೆ ಕೇಳಿಸಿತ್ತು.

ಆರಾಧನೆ ಮುಗಿದ ಮೇಲೆ ಅದೇ ಆಸ್ಪತ್ರೆಗೆ ಹೋದೆ. ನಮ್ಮಿಬ್ಬರ ಬಟ್ಟೆ ಹೊಲಿಯುತ್ತಿದ್ದ ದರ್ಜಿಯಮ್ಮ ಅಲ್ಲಿ ದಿನ ಎಣಿಸುತ್ತಿದ್ದಾರೆ. ಅವರ ಕೋಣೆಯ ಹಿಡಿಕೆಯೂ ಅಂದಿನಷ್ಟೇ ತಣ್ಣಗಿತ್ತು. ಒಳಗಿನಿಂದ ನಿನ್ನ ದನಿಯೇ ಕೇಳಿಸಿದಂತಾಯಿತು. ಜೀವಮಾನವಿಡೀ ಅಚ್ಚುಕಟ್ಟಾದ ವಾಕ್ಯಗಳಲ್ಲಿ ಪ್ರಾರ್ಥಿಸಿದ ನಾನು ಇಷ್ಟೇ ಹೇಳಿದೆ: "ಕರ್ತನೇ, ನನಗೆ ಹೆದರಿಕೆಯಾಗುತ್ತಿದೆ. ನೀನೂ ಬಾ." ಬಾಗಿಲು ತೆರೆದೆ.

"ಏನ್ ಟೀಚರ್, ತಡವಾಗಿ ಬಂದಿದ್ದಕ್ಕೆ ನಿಮ್ಮನ್ನ ನೀವೇ ಹೊರಗೆ ನಿಲ್ಲಿಸ್ಕೊಂಡ್ರಾ?" ಎಂದು ದರ್ಜಿಯಮ್ಮ ನಕ್ಕರು.

ನಾನು ಬೈಬಲ್ ತೆರೆಯಹೋದರೆ ತಡೆದರು. "ಅದು ಆಮೇಲೆ. ಮೊದ್ಲು ಐಸ್‌ಕ್ರೀಮ್, ಕರಗ್ತಾ ಇದೆ. ದೇವರು ಕೊಟ್ಟಿದ್ದನ್ನ ತಿನ್ನೋಕೂ ಭಯಾನಾ ನಿಮ್ಗೆ?"

ಒಂದೇ ಚಮಚದಲ್ಲಿ ಇಬ್ಬರೂ ತಿಂದೆವು. ಅದು ನನ್ನ ಗಲ್ಲದ ಮೇಲೆ ಸೋರಿದಾಗ ಪಕ್ಕದಲ್ಲಿ ಕೂತಿದ್ದ ಅವರ ಗಂಡ ನಕ್ಕರು, ನಾನೂ ನಕ್ಕೆ. ಎಷ್ಟೋ ವರ್ಷಗಳ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕೆ. ನಗುತ್ತಲೇ ಬಾಗಿಲಿನತ್ತ ನೋಡಿದೆ. ಆಚೆ ಇನ್ನೂ ಯಾರೋ ಹಿಡಿಕೆಯ ಮೇಲೆ ಕೈಯಿಟ್ಟು ನಿಂತಂತಿತ್ತು.

ಪಾದ್ರಿಗಳಿಗೆ ನಾಳೆ ನಿಜ ಹೇಳುತ್ತೇನೆ. ಅದಕ್ಕೆ ಮೊದಲು ಹಾಜರಿಯನ್ನು ನಿನಗೆ ಸರಿಯಾಗಿ ಒಪ್ಪಿಸಬೇಕು.

ಇಂದು ಆ ಕೋಣೆಯಲ್ಲಿದ್ದವರು: ದರ್ಜಿಯಮ್ಮ, ಅವರ ಗಂಡ, ಕರ್ತನು, ನಾನು.

ಅಂದು ನಿನ್ನ ಕೋಣೆಯಲ್ಲಿದ್ದವರು: ಅಮ್ಮ, ನರ್ಸ್, ಕರ್ತನು.