ಹಾಡಿಗೊಂದು ಪುಟ

ನೆಲಮಂಗಲ

ಪ್ರೀತಿಯ ಅಜ್ಜಿಗೆ ನವ್ಯಶ್ರೀಯ ನಮಸ್ಕಾರ.

ಹೋದ ತಿಂಗಳು ನಿನ್ನ ಸೋಬಾನೆ ಹಾಡುಗಳನ್ನು ಪುಸ್ತಕಕ್ಕೆಂದು ಟೈಪ್ ಮಾಡುವಾಗ, ಮರೆತಿದ್ದ ಎರಡು ಸಾಲು ನಿನಗೆ ನೆನಪಾದವು. ಸೇರಿಸಿದ ಕೂಡಲೇ ಮುಂದಿನ ಹಾಡುಗಳೆಲ್ಲ ಪುಟದ ನಡುವಿಗೆ ಜಾರಿದವು. "ಸಾಕು ಸುಮ್ನಿರಜ್ಜಿ" ಎಂದು ರೇಗಿಬಿಟ್ಟೆ. ಆಮೇಲೆ ನೀನು ಹಾಡಲೇ ಇಲ್ಲ.

ತಪ್ಪು ನನ್ನದೇ. ಒಂದು ಹಾಡು ಮುಗಿದ ಮೇಲೆ ಹೊಸ ಪುಟ ಬರುವವರೆಗೂ ಎಂಟರ್ ಒತ್ತಿ ಖಾಲಿ ಸಾಲು ಬಿಡುತ್ತಿದ್ದೆ. ಡಿಟಿಪಿ ಅಂಗಡಿಯ ಸಿಂಧು ಅಕ್ಕ ನೋಡಿ ನಕ್ಕರು: "ಹಂಗಲ್ಲ ಕಣೇ, ಹಾಡು ಮುಗಿದ ಕಡೆ ಪೇಜ್ ಬ್ರೇಕ್ ಹಾಕು." ಈಗ ಪ್ರತಿ ಹಾಡೂ ಹೊಸ ಪುಟದಲ್ಲೇ ಶುರುವಾಗುತ್ತದೆ. ಎಷ್ಟು ಸಾಲು ಸೇರಿಸಿದರೂ ತೊಂದರೆಯಿಲ್ಲ.

ಭಾನುವಾರ ಬೂದಿಗೆರೆಗೆ ಬರುತ್ತೇನೆ. ನೆನಪಾದಷ್ಟೂ ನಿಧಾನವಾಗಿ ಹೇಳು. ಮೊದಲ ಪುಟದಲ್ಲಿ "ಹಾಡಿದವರು: ಲಕ್ಷ್ಮೀದೇವಮ್ಮ" ಎಂದು ಹಾಕಿದ್ದೇನೆ. ಆ ಪುಟದಲ್ಲಿ ಬೇರೇನೂ ಇಲ್ಲ.

ನಿನ್ನ ಮೊಮ್ಮಗಳು,
ನವ್ಯ